ಚಿಪ್ಪಿನ ಕಿಟಕಿಯಿಂದ ಕೌದಿಗೆ: ಪಣಜಿಯ ಟಿಪ್ಪಣಿ

ಪಣಜಿಯ ಫೊಂಟೈನ್ಯಾಸ್ ಓಣಿಗೆ ಹೋದವರು ಮೊದಲು ಬಣ್ಣದ ಗೋಡೆಗಳ ಫೋಟೊ ತೆಗೆಯುತ್ತಾರೆ. ನಾನೂ ತೆಗೆದೆ. ಆದರೆ ಕೌದಿ ಹೊಲಿಯಲು ಕೂತಾಗ ಕೆಲಸಕ್ಕೆ ಬಂದಿದ್ದು ಒಂದು ಹಳೇ ಮನೆಯ ಕಿಟಕಿ. ಗೋವಾದ ನಮ್ಮ ಕನ್ನಡದವರ ಭಾನುವಾರದ ಹೊಲಿಗೆ ಗುಂಪಿಗೆ ಈಚೆಗೆ ಸೇರಿದವರು, "ಕಟ್ಟಡ ನೋಡಿ ಕೌದಿ ಮಾಡೋದು ಹೇಗೆ?" ಎಂದು ಕೇಳಿದ್ದರು. ಅವರಿಗಾಗಿ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಕಿಟಕಿಯನ್ನು ಅರ್ಥ ಮಾಡಿಕೊಳ್ಳೋಣ. ಗೋವಾದ ಹಳೇ ಮನೆಗಳಲ್ಲಿ ಗಾಜಿನ ಬದಲು ಸಮುದ್ರದ ಚಿಪ್ಪು ಹಾಕುತ್ತಿದ್ದರು. ಆಗ ಗಾಜು ದುಬಾರಿ. ಚಪ್ಪಟೆಯಾದ ತೆಳು ಚಿಪ್ಪಿನ ಅಂಚನ್ನು ನೇರವಾಗಿ ಕತ್ತರಿಸಿ, ಉದ್ದಕ್ಕೂ ಸಣ್ಣ ತೋಡು ಕೊರೆದ ಮರದ ಪಟ್ಟಿಗಳ ನಡುವೆ ಕೂರಿಸುತ್ತಿದ್ದರು. ಬೆಳಕು ಒಳಗೆ ಬರುತ್ತದೆ, ಆದರೆ ಕಣ್ಣಿಗೆ ಚುಚ್ಚುವುದಿಲ್ಲ. ಹತ್ತಿರ ನಿಂತು ನೋಡಿದರೆ ಇದೂ ಒಂದು ಕೌದಿಯೇ ಅಲ್ವಾ? ಸಣ್ಣ ಸಣ್ಣ ತುಂಡುಗಳು, ಅವನ್ನು ಹಿಡಿದಿಡುವ ಪಟ್ಟಿಗಳು.

ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲೇ ಇದೆ. ಮನೆಯ ಚಿತ್ರವನ್ನು ಬಟ್ಟೆಯ ಮೇಲೆ ಬಿಡಿಸಬೇಡಿ. ಅದನ್ನು ಹೇಗೆ ಜೋಡಿಸಿದ್ದಾರೆ ಅಂತ ನೋಡಿ, ಆ ಜೋಡಣೆಯನ್ನು ತಗೊಳ್ಳಿ. ನಮ್ಮ ಕಡೆಯ ಹೆಣ್ಣುಮಕ್ಕಳು ಕಸೂತಿಯಲ್ಲಿ ಮಾಡಿದ್ದು ಇದನ್ನೇ. ಗೋಪುರ, ತೇರು, ತುಳಸಿಕಟ್ಟೆ ಎಲ್ಲವೂ ಇಳಕಲ್ ಸೀರೆಯ ಮೇಲೆ ಬಂದವು. ಗೆರೆ ಎಳೆದುಕೊಳ್ಳದೆ, ಬಟ್ಟೆಯ ಎಳೆ ಎಣಿಸಿ ಹಾಕಿದ ಹೊಲಿಗೆ ಅದು. ಗೋಪುರವನ್ನು ಅವರು ಮೆಟ್ಟಿಲು ಮೆಟ್ಟಿಲಾಗಿ ಕಂಡರು. ಪಣಜಿ ಚರ್ಚಿನ ಎದುರಿನ ಬಿಳಿ ಮೆಟ್ಟಿಲು ಆ ಕಡೆ ಈ ಕಡೆ ತಿರುಗುತ್ತಾ ಏರುವುದನ್ನು ನೋಡಿದರೆ ನನಗೆ ಕಸೂತಿಯ ಅಂಕುಡೊಂಕಾದ ಮುರಗಿ ಹೊಲಿಗೆಯೇ ನೆನಪಾಗುತ್ತದೆ.

ಈಗ ಬಣ್ಣ. ಚಿಪ್ಪು ಬಿಳಿ ಅಂತ ದೂರದಿಂದ ಅನಿಸುತ್ತದೆ. ನಿಜಕ್ಕೂ ಒಂದು ಹಾಲಿನ ಕೆನೆ, ಇನ್ನೊಂದು ಬೂದಿ, ಮತ್ತೊಂದರಲ್ಲಿ ಹಳದಿ ಛಾಯೆ. ಹಾಗಾಗಿ ಹೊಸ ಬಿಳಿ ಬಟ್ಟೆ ತರಬೇಡಿ. ಹಳೇ ಪಂಚೆ, ಒಗೆದು ಒಗೆದು ಮೆತ್ತಗಾದ ಮಲ್ ಬಟ್ಟೆ (ತೆಳು ಹತ್ತಿ ಬಟ್ಟೆ) ಸಾಕು. ಕೆಲವು ತುಂಡುಗಳನ್ನು ಚಹಾದ ನೀರಿನಲ್ಲಿ ಅದ್ದಿ ಒಣಗಿಸಿ. ನಿಜವಾದ ಚಿಪ್ಪನ್ನೇ ಹೊಲಿಯುವ ಆಸೆ ಬೇಡ. ಈ ಜಾತಿಯ ಚಿಪ್ಪಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಅಳತೆಯಲ್ಲಿ ನಾನು ಎಡವಿದ್ದೆ, ನೀವು ಎಡವಬೇಡಿ. ಚಿಪ್ಪಿನ ಬದಲಿಗೆ ಇಡುವ ಬಟ್ಟೆ ತುಂಡು ಹೊಲಿದ ಮೇಲೆ 2 ಇಂಚು ಅಗಲ, 3 ಇಂಚು ಎತ್ತರ ಬರಬೇಕು. ಮರದ ಪಟ್ಟಿಯ ಬದಲಿಗೆ ಬರುವ ಬಟ್ಟೆ ಪಟ್ಟಿ ಅರ್ಧ ಇಂಚು. ಅಡ್ಡಕ್ಕೆ 4 ತುಂಡು, ಉದ್ದಕ್ಕೆ 6 ಸಾಲು ಇಟ್ಟುಕೊಂಡೆ. ಅಂಚಿನ ಪಟ್ಟಿ ಸೇರಿ ಅಗಲ 8 + 2.5, ಅಂದರೆ 10.5 ಇಂಚು. ಎತ್ತರ 18 + 3.5, ಅಂದರೆ 21.5 ಇಂಚು. ಮೊದಲ ಸಲ ಪಟ್ಟಿಯನ್ನು ಅರ್ಧ ಇಂಚಿಗೇ ಕತ್ತರಿಸಿದೆ. ಎರಡೂ ಬದಿ ಕಾಲು ಕಾಲು ಇಂಚು ಹೊಲಿಗೆಯೊಳಗೆ ಸೇರುವ ಮಾರ್ಜಿನ್‌ಗೆ ಹೋಯಿತು. ಪಟ್ಟಿಯೇ ಉಳಿಯಲಿಲ್ಲ! ಹಾಗಾಗಿ ಪಟ್ಟಿಯನ್ನು 1 ಇಂಚಿಗೆ, ತುಂಡನ್ನು 2.5 ಮತ್ತು 3.5 ಇಂಚಿಗೆ ಕತ್ತರಿಸಿ.

ಮಾಮೂಲಿ ಕೌದಿಗೆ ಒಳಗೆ ಹಲವು ಪದರ ಹಾಕುತ್ತೇವೆ. ಬಿಸಿಲಿಗೆ ತೂಗುಹಾಕುವ ಇದಕ್ಕೆ ಬೇಡ, ಬೆಳಕು ನಿಂತುಹೋಗುತ್ತದೆ. ಮಲ್ ಬಟ್ಟೆಯ ಎರಡೇ ಪದರ ಇಡಿ. ಅವುಗಳ ನಡುವೆ ಅಲ್ಲಲ್ಲಿ ಹರಿದ ರೇಷ್ಮೆ ಸೀರೆಯ ಒಂದೆರಡು ಎಳೆ ಸೇರಿಸಿದರೆ ಚಿಪ್ಪಿನೊಳಗಿನ ಮಿನುಗು ಬರುತ್ತದೆ. ರನ್ನಿಂಗ್ ಸ್ಟಿಚ್ಚನ್ನು ಚಿಪ್ಪಿನ ಗೆರೆಯಂತೆ ಸ್ವಲ್ಪ ಬಾಗಿಸಿ ಹಾಕಿ. ಜಾಸ್ತಿ ಬೇಡ, ತುಂಡಿಗೆ ಮೂರು ಸಾಲು ಸಾಕು.

ಓಣಿಯಲ್ಲಿ ಅಳತೆ ಬರೆದುಕೊಳ್ಳುವಾಗ ಒಂದು ವಿಷಯ ನೆನಪಿಡಿ. ಅವು ಜನ ವಾಸ ಮಾಡುವ ಮನೆಗಳು. ಬಾಗಿಲಲ್ಲಿ ಯಾರಾದರೂ ಇದ್ದರೆ ಕೇಳಿಯೇ ಫೋಟೊ ತೆಗೆಯಿರಿ.

ಕೊನೆಯದಾಗಿ ಇಸ್ತ್ರಿ. ಹಿಂಬದಿಯ ಮಾರ್ಜಿನ್ನನ್ನು ಯಾವಾಗಲೂ ಪಟ್ಟಿಯ ಕಡೆಗೆ ಮಡಚಿ. ಎರಡು ಬದಿಯ ಕಾಲು ಇಂಚು ಸೇರಿ ಅರ್ಧ ಇಂಚಿನ ಪಟ್ಟಿಯೊಳಗೆ ಸರಿಯಾಗಿ ಕೂರುತ್ತದೆ. ಸಂಜೆ ನಾಲ್ಕರ ಬಿಸಿಲಿಗೆ ತೂಗುಹಾಕಿದಾಗ ಆ ಪಟ್ಟಿ ದಪ್ಪವಾಗಿ, ಮರದಂತೆ ಕಪ್ಪಗೆ ನಿಂತಿತು. ನಡುವಿನ ಹಳೇ ಪಂಚೆಯ ತುಂಡುಗಳೆಲ್ಲ ಬೆಳಗಿದವು.