ಓವರ್‌ಕ್ಲಾಕಿಂಗ್: ಚಿಪ್‌ನಲ್ಲಿ ಉಳಿದಿದ್ದ ವೇಗ ಎಲ್ಲಿ ಹೋಯಿತು?

ಹೊಸ ಗೇಮಿಂಗ್ ಪಿಸಿ ಕಟ್ಟಿಸಿದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು: "ಪ್ರೊಸೆಸರ್ 95 ಡಿಗ್ರಿ ತೋರಿಸ್ತಿದೆ, ಏನಾದ್ರೂ ಎಡವಟ್ಟಾಗಿದೆಯಾ?" ಅಂಗಡಿಯವರು ಕೂಲರ್ ಬದಲಿಸಿ ಅನ್ನುತ್ತಾರೆ. ಕಂಪನಿಯವರು ಅದು ಇರೋದೇ ಹಾಗೆ ಅನ್ನುತ್ತಾರೆ. ಓವರ್‌ಕ್ಲಾಕಿಂಗ್ ಹುಚ್ಚಿನ ಹಳೇ ಸ್ನೇಹಿತ ವೋಲ್ಟೇಜ್ ಇಳಿಸು ಅನ್ನುತ್ತಾನೆ. ಇದೇ ಮನುಷ್ಯ ಹದಿನೈದು ವರ್ಷದ ಹಿಂದೆ ವೋಲ್ಟೇಜ್ ಏರಿಸು ಅನ್ನುತ್ತಿದ್ದ. ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರದು ಒಂದೊಂದು ಕಾಲದ ಮಾತು, ಅಷ್ಟೇ.

ಲೆಕ್ಕ ಸರಳ. ಬಸ್ (ಪ್ರೊಸೆಸರ್‌ಗೂ ಉಳಿದ ಭಾಗಗಳಿಗೂ ನಡುವಿನ ದಾರಿ) ವೇಗವನ್ನು ಮಲ್ಟಿಪ್ಲೈಯರ್ ಅನ್ನುವ ಸಂಖ್ಯೆಯಿಂದ ಗುಣಿಸಿದರೆ ಪ್ರೊಸೆಸರ್ ವೇಗ ಸಿಗುತ್ತದೆ. ಬಸ್ 100 ಮೆಗಾಹರ್ಟ್ಸ್, ಮಲ್ಟಿಪ್ಲೈಯರ್ 45 ಆದರೆ 4.5 ಗಿಗಾಹರ್ಟ್ಸ್. ಇವೆರಡರಲ್ಲಿ ಒಂದನ್ನು ಕಂಪನಿ ಇಟ್ಟದ್ದಕ್ಕಿಂತ ಏರಿಸುವುದೇ ಓವರ್‌ಕ್ಲಾಕಿಂಗ್. ಹಾಗೆ ಏರಿಸಲು ಜಾಗ ಎಲ್ಲಿಂದ ಬಂತು? ಒಂದೇ ತೋಟದ ಅಡಿಕೆಯನ್ನು ರಾಶಿ, ಗೊರಬಲು ಅಂತ ಆರಿಸುವ ಹಾಗೆ, ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್‌ಗಳನ್ನು ಪರೀಕ್ಷಿಸಿ ದರ್ಜೆ ಹಚ್ಚುತ್ತಾರೆ. ಆದರೆ ಚಿಪ್ ವ್ಯಾಪಾರದಲ್ಲಿ ಅಗ್ಗದ ಮಾಲಿಗೇ ಗಿರಾಕಿ ಜಾಸ್ತಿ. ಒಳ್ಳೇ ಚಿಪ್ ಹೆಚ್ಚು ಬಂದಾಗ ಅದಕ್ಕೂ ಕಡಿಮೆ ವೇಗದ ಹೆಸರು ಕೊಟ್ಟು ಮಾರುತ್ತಿದ್ದರು. ಆ ಉಳಿಕೆ ವೇಗ ಕೊಂಡವನ ಪಾಲಿಗೆ ಸಿಗುತ್ತಿತ್ತು.

1984ರಲ್ಲಿ ಐಬಿಎಂ ಎಟಿ ಕಂಪ್ಯೂಟರ್ 6 ಮೆಗಾಹರ್ಟ್ಸ್ ವೇಗದಲ್ಲಿ ಬಂತು. ಜನ ಅದರಲ್ಲಿ ವೇಗ ನಿರ್ಧರಿಸುವ ಕ್ರಿಸ್ಟಲ್ ಕಿತ್ತು ಬೇರೆಯದು ಹಾಕಿ 8ಕ್ಕೆ ಓಡಿಸಿದರು. ಆಮೇಲಿನ ಬಯಾಸ್‌ನಲ್ಲಿ (ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ), ವೇಗ ಹೆಚ್ಚು ಕಂಡರೆ ಯಂತ್ರ ಬೂಟೇ ಆಗದಂತೆ ಒಂದು ಪರೀಕ್ಷೆ ಸೇರಿಕೊಂಡಿತು. ಅಲ್ಲಿಂದ ಇವತ್ತಿನವರೆಗೂ ನಡೆದಿರುವುದು ಇದೇ ಆಟ.

ಈ ಆಟದ ಒಳ್ಳೇ ದಿನಗಳೆಂದರೆ 1998ರಿಂದ 2001. ಅದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

1998ರ ಆಗಸ್ಟ್‌ನಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಬಂತು. ಬಡವರ ಚಿಪ್ ಅಂತಲೇ ಮಾರಾಟವಾದದ್ದು. ಅದೇ ವರ್ಷದ ಮೊದಲ ಸೆಲೆರಾನ್‌ಗಳಲ್ಲಿ ಎಲ್2 ಕ್ಯಾಶ್ (ಪದೇ ಪದೇ ಬೇಕಾಗುವ ಡೇಟಾ ಇಡುವ ಸಣ್ಣ, ವೇಗದ ಮೆಮೊರಿ) ಇರಲೇ ಇಲ್ಲ, ಬೈಸಿಕೊಂಡಿದ್ದವು. 300ಎಗೆ 128 ಕೆಬಿ ಕ್ಯಾಶ್ ಕೊಟ್ಟರು, ಅದೂ ಚಿಪ್‌ನ ಒಳಗೇ, ಪೂರ್ತಿ ವೇಗದಲ್ಲಿ. ದುಬಾರಿ ಪೆಂಟಿಯಂ 2ಗೆ 512 ಕೆಬಿ ಇತ್ತು, ಆದರೆ ಅರ್ಧ ವೇಗದಲ್ಲಿ. ಮಲ್ಟಿಪ್ಲೈಯರ್‌ಗೆ ಬೀಗ ಬಿದ್ದಿತ್ತು: 4.5, ಅದು ಬದಲಾಗುವುದಿಲ್ಲ. ಉಳಿದದ್ದು ಬಸ್ ಮಾತ್ರ. 66 ಇದ್ದದ್ದನ್ನು 100 ಮಾಡಿದರೆ 300ರ ಚಿಪ್ ಸೀದಾ 450 ಆಗುತ್ತಿತ್ತು. ಗೇಮ್‌ಗಳಲ್ಲಿ ಪೆಂಟಿಯಂ 2 450ರ ಪಕ್ಕ ನಿಲ್ಲುತ್ತಿತ್ತು, ಅದರ ಸುಮಾರು ಕಾಲು ಭಾಗದ ಬೆಲೆಗೆ.

100 ಅನ್ನುವ ಸಂಖ್ಯೆಗೂ ಒಂದು ಕಾರಣವಿದೆ. ಹಾರ್ಡ್ ಡಿಸ್ಕ್, ಸೌಂಡ್ ಕಾರ್ಡ್ ಎಲ್ಲ ಆಗ ನಡೆಯುತ್ತಿದ್ದುದು ಪಿಸಿಐ ಬಸ್‌ನ 33 ಮೆಗಾಹರ್ಟ್ಸ್‌ನಲ್ಲಿ. ಮದರ್‌ಬೋರ್ಡ್ 66 ಅನ್ನು ಎರಡರಿಂದ, 100 ಅನ್ನು ಮೂರರಿಂದ ಭಾಗಿಸಿ ಆ 33 ಕೊಡುತ್ತಿತ್ತು. ನಡುವಿನ 83ಕ್ಕೆ ಇಟ್ಟರೆ ಪಿಸಿಐ 41ಕ್ಕೆ ಓಡಿ, ಹಾರ್ಡ್ ಡಿಸ್ಕ್‌ನ ಡೇಟಾ ಕೆಡುವ ಅಪಾಯವಿತ್ತು. ಅರ್ಧ ಏರಿಸುವುದಕ್ಕಿಂತ ಪೂರ್ತಿ ಏರಿಸುವುದೇ ಸುರಕ್ಷಿತ ಅನ್ನುವ ವಿಚಿತ್ರ ಪರಿಸ್ಥಿತಿ!

ಎಬಿಟ್‌ನ ಬಿಎಚ್6 ಬೋರ್ಡ್ ಇದ್ದವರು ಬಯಾಸ್ ಮೆನುವಿನಲ್ಲೇ 100 ಆರಿಸಿ ಮುಗಿಸುತ್ತಿದ್ದರು. ಆ ಸೌಲಭ್ಯ ಇಲ್ಲದವರು ಟೇಪ್ ಹಿಡಿದು ಕೂರುತ್ತಿದ್ದರು. ಆಗಿನ ಪ್ರೊಸೆಸರ್ ಒಂದು ಕಾರ್ಡ್ ರೂಪದಲ್ಲಿ ಸ್ಲಾಟ್‌ಗೆ ಕೂರುತ್ತಿತ್ತು. ಅದರ ಅಂಚಿನಲ್ಲಿ ಸಾಲಾಗಿರುವ ಚಿನ್ನದ ಬಣ್ಣದ ಪಟ್ಟಿಗಳಲ್ಲಿ ಬಿ21 ಅನ್ನುವ ಒಂದಕ್ಕೆ, ಅದೊಂದಕ್ಕೇ, ಸಣ್ಣ ಚೂರು ಟೇಪ್ ಅಂಟಿಸಬೇಕು. ಆಗ ಬೋರ್ಡ್ ಇದನ್ನು 100ರ ಬಸ್‌ನ ಚಿಪ್ ಅಂತ ನಂಬುತ್ತಿತ್ತು. ಟೇಪ್ ಜಾರಿದರೆ ಪಕ್ಕದ ಪಟ್ಟಿಯೂ ಮುಚ್ಚಿಹೋಗುತ್ತದೆ, ಪರದೆ ಕಪ್ಪು. ಕೆಲವರು ಟೇಪ್ ಬದಲು ಉಗುರು ಬಣ್ಣ ಹಚ್ಚಿದ್ದೂ ಉಂಟು. 450ರಲ್ಲಿ ವಿಂಡೋಸ್ ಬಂದು, ಗೇಮ್ ನಡುವೆ ನಿಂತುಹೋದರೆ 2.0 ವೋಲ್ಟ್ ಇದ್ದದ್ದನ್ನು 2.1 ಅಥವಾ 2.2 ಮಾಡುತ್ತಿದ್ದರು. ಬಿಸಿ ಏರುತ್ತಿತ್ತು, ಇನ್ನೊಂದು ಫ್ಯಾನ್ ತಿರುಪು ಹಾಕಿ ಬಿಗಿಯುತ್ತಿದ್ದರು. ಮನೆಯ ಓವರ್‌ಕ್ಲಾಕಿಂಗ್ ಅಂದರೆ ಇದೇ ಆಗಿತ್ತು.

ಮಲ್ಟಿಪ್ಲೈಯರ್‌ಗೆ ಬೀಗ ಹಾಕಿದ್ದಕ್ಕೆ ಕೊಟ್ಟ ಕಾರಣ ಕಳ್ಳ ವ್ಯಾಪಾರ. ಕಡಿಮೆ ವೇಗದ ಚಿಪ್ ಮೇಲಿನ ಅಕ್ಷರ ಉಜ್ಜಿ, ಹೆಚ್ಚು ವೇಗದ್ದು ಅಂತ ಬರೆದು ಮಾರುವ ದಂಧೆ ನಿಜಕ್ಕೂ ಇತ್ತು. ಬೀಗ ಬಿದ್ದ ಮೇಲೆ ದುಬಾರಿ ಚಿಪ್‌ನ ಮಾರಾಟಕ್ಕೂ ಅನುಕೂಲವಾಯಿತು ಅನ್ನುವುದನ್ನು ಮಾತ್ರ ಯಾರೂ ಎದ್ದು ಹೇಳಲಿಲ್ಲ.

2000ದಲ್ಲಿ ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ಡ್ಯುರಾನ್ ಮತ್ತು ಹೊಸ ಅಥ್ಲಾನ್ ಬಂದಾಗ ಬೀಗದ ಕೈ ಶಾಲೆಯ ಕಂಪಾಸ್ ಬಾಕ್ಸ್‌ನಲ್ಲೇ ಸಿಕ್ಕಿತು. ಚಿಪ್‌ನ ಮೇಲ್ಭಾಗದಲ್ಲಿ ಎಲ್1 ಅಂತ ಬರೆದ ಕಡೆ ಕೂದಲೆಳೆಯಂಥ ಕೆಲವು ಸೇತುವೆಗಳಿದ್ದವು, ಕಾರ್ಖಾನೆಯಲ್ಲೇ ಕತ್ತರಿಸಿದವು. ಚೂಪಾದ ಪೆನ್ಸಿಲ್‌ನಿಂದ ಅವುಗಳ ನಡುವೆ ಗೆರೆ ಎಳೆದರೆ ಗ್ರಾಫೈಟ್ ಮೂಲಕ ಕರೆಂಟ್ ಹರಿದು ಮಲ್ಟಿಪ್ಲೈಯರ್ ತೆರೆದುಕೊಳ್ಳುತ್ತಿತ್ತು. ಮುಂದಿನ ವರ್ಷದ ಅಥ್ಲಾನ್ ಎಕ್ಸ್‌ಪಿಯಲ್ಲಿ ಅದೇ ಜಾಗದಲ್ಲಿ ಲೇಸರ್‌ನಿಂದ ಗುಳಿ ಬಿದ್ದಿತ್ತು, ಪೆನ್ಸಿಲ್ ಆಟ ಮುಗಿಯಿತು. ಈ ಚಿಪ್‌ಗಳ ಮೇಲೆ ಲೋಹದ ಮುಚ್ಚಳ ಇರಲಿಲ್ಲ. ಹೀಟ್‌ಸಿಂಕ್‌ನ ಕ್ಲಿಪ್ ಸ್ಕ್ರೂಡ್ರೈವರ್‌ನಿಂದ ಒತ್ತಿ ಕೂರಿಸುವಾಗ ಕೈ ವಾಲಿದರೆ ಸಿಲಿಕಾನ್‌ನ ಮೂಲೆ ಚಟ್ಟೆಂದು ಮುರಿಯುತ್ತಿತ್ತು. 2001ರಲ್ಲಿ ಹರಿದಾಡಿದ ಒಂದು ವಿಡಿಯೋದಲ್ಲಿ, ಓಡುತ್ತಿರುವಾಗಲೇ ಹೀಟ್‌ಸಿಂಕ್ ತೆಗೆದಾಗ ಅಥ್ಲಾನ್ ಕೆಲವೇ ಸೆಕೆಂಡಿನಲ್ಲಿ ಸುಟ್ಟು ಹೊಗೆಯಾಡಿತು. ಪೆಂಟಿಯಂ 4 ತಾನೇ ವೇಗ ಇಳಿಸಿಕೊಂಡು ಬದುಕಿತು. ತನ್ನ ಬಿಸಿ ನೋಡಿಕೊಂಡು ತಾನೇ ತಗ್ಗುವ ಆ ಗುಣ ಮುಂದೆ ಎಲ್ಲ ಚಿಪ್‌ಗಳಿಗೂ ಬಂತು. ಇವತ್ತಿನ 95 ಡಿಗ್ರಿಯ ಬೇರು ಅಲ್ಲಿದೆ.

ಆಮೇಲೆ ಗಿಗಾಹರ್ಟ್ಸ್ ಓಟ ಬಿಸಿಗೆ ಸೋತಿತು, 2004ರಲ್ಲಿ 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ರದ್ದಾಯಿತು, ಒಂದೇ ಚಿಪ್‌ನಲ್ಲಿ ಒಂದರ ಬದಲು ಎರಡು, ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ) ಬಂದವು.

2011ರಲ್ಲಿ ಇಂಟೆಲ್‌ನ ಸ್ಯಾಂಡಿ ಬ್ರಿಡ್ಜ್ ಆಟದ ನಿಯಮವನ್ನೇ ಬದಲಿಸಿತು. ಬಸ್ ವೇಗಕ್ಕೆ ಉಳಿದ ಭಾಗಗಳನ್ನೂ ಕಟ್ಟಿಹಾಕಿದ್ದರಿಂದ ಅದನ್ನು ಮುಟ್ಟುವ ಹಾಗಿರಲಿಲ್ಲ. ಮಲ್ಟಿಪ್ಲೈಯರ್ ತೆರೆದ ಚಿಪ್ ಬೇಕಾದರೆ ಹೆಸರಿನ ಕೊನೆಗೆ 'ಕೆ' ಇರುವುದನ್ನು ಸ್ವಲ್ಪ ಜಾಸ್ತಿ ಕೊಟ್ಟು ತಗೋಬೇಕು. ಐ5 2500ಕೆ ಸಾಧಾರಣ ಏರ್ ಕೂಲರ್‌ನಲ್ಲೇ 4.5 ಗಿಗಾಹರ್ಟ್ಸ್ ಮುಟ್ಟುತ್ತಿದ್ದುದರಿಂದ ಯಾರೂ ಗೊಣಗಲಿಲ್ಲ. ಮರುವರ್ಷದ ಐವಿ ಬ್ರಿಡ್ಜ್‌ನಲ್ಲಿ ಚಿಪ್‌ಗೂ ಅದರ ಲೋಹದ ಮುಚ್ಚಳಕ್ಕೂ ನಡುವೆ ಇದ್ದ ಬೆಸುಗೆ ಹೋಗಿ ಪೇಸ್ಟ್ ಬಂತು. ಜನ ಬ್ಲೇಡ್ ತಗೊಂಡು ಮುಚ್ಚಳ ಎಬ್ಬಿಸಿ, ಒಳ್ಳೇ ಪೇಸ್ಟ್ ಹಚ್ಚಿ ಮತ್ತೆ ಮುಚ್ಚಿ ಹತ್ತಿಪ್ಪತ್ತು ಡಿಗ್ರಿ ಇಳಿಸಿಕೊಂಡರು. ಬೆಸುಗೆ ವಾಪಸ್ ಬಂದದ್ದು 2018ರಲ್ಲಿ.

ಈ ನಡುವೆ ಸದ್ದಿಲ್ಲದೆ ಇನ್ನೊಂದು ಕೆಲಸ ನಡೆದಿತ್ತು. 2008ರ ಕೋರ್ ಐ7 ಜೊತೆ ಟರ್ಬೋ ಬೂಸ್ಟ್ ಬಂತು: ಬಿಸಿ ಮತ್ತು ಕರೆಂಟ್‌ಗೆ ಅವಕಾಶ ಇದ್ದರೆ ಚಿಪ್ ತಾನೇ ವೇಗ ಏರಿಸಿಕೊಳ್ಳುತ್ತದೆ. ತಲೆಮಾರಿನಿಂದ ತಲೆಮಾರಿಗೆ ಅದು ಉಳಿಕೆಯನ್ನೆಲ್ಲ ತಿನ್ನುತ್ತಾ ಬಂತು. 2017ರ ಎಎಂಡಿ ರೈಜನ್‌ನಲ್ಲಿ ಎಲ್ಲ ಚಿಪ್‌ಗಳ ಬೀಗ ತೆಗೆದಿದ್ದರು. ಮುಂದಿನ ರೈಜನ್‌ಗಳಲ್ಲಿ ಬೀಗ ತೆಗೆದದ್ದಕ್ಕೆ ಅರ್ಥವೇ ಉಳಿಯಲಿಲ್ಲ. ಕೈಯಿಂದ ಎಲ್ಲ ಕೋರ್‌ಗೂ ಒಂದೇ ವೇಗ ಕಟ್ಟಿದರೆ, ಗೇಮ್‌ಗೆ ಬೇಕಾದ ಒಂದೆರಡು ಕೋರ್‌ಗಳ ಬೂಸ್ಟ್ ಕಳೆದುಕೊಂಡು ನಷ್ಟವೇ ಆಗುತ್ತಿತ್ತು. 2022ರ ರೈಜನ್ 7000 ಬಂದಾಗ ಎಎಂಡಿ ನೇರವಾಗಿಯೇ ಹೇಳಿತು: ಭಾರೀ ಕೆಲಸ ಕೊಟ್ಟರೆ ದೊಡ್ಡ ಚಿಪ್‌ಗಳು 95 ಡಿಗ್ರಿಗೆ ಹೋಗಿ ಅಲ್ಲೇ ನಿಲ್ಲುತ್ತವೆ, ವಿನ್ಯಾಸವೇ ಹಾಗೆ. ಒಳ್ಳೇ ಕೂಲರ್ ಹಾಕಿದರೆ ಬಿಸಿ ಇಳಿಯುವ ಬದಲು ವೇಗ ಏರುತ್ತದೆ.

2024ರಲ್ಲಿ ಇದರ ಇನ್ನೊಂದು ಮುಖ ಕಂಡಿತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದೊಡ್ಡ ಚಿಪ್‌ಗಳಿದ್ದ ಪಿಸಿಗಳಲ್ಲಿ ಗೇಮ್ ತೆರೆದರೆ "ವಿಡಿಯೋ ಮೆಮೊರಿ ಸಾಲದು" ಅನ್ನುವ ಸಂದೇಶ ಬರುತ್ತಿತ್ತು. ಜನ ಗ್ರಾಫಿಕ್ಸ್ ಕಾರ್ಡನ್ನು ಶಂಕಿಸಿದರು, ತೊಂದರೆ ಇದ್ದದ್ದು ಪ್ರೊಸೆಸರ್‌ನಲ್ಲಿ. ಮದರ್‌ಬೋರ್ಡ್‌ಗಳು ಡೀಫಾಲ್ಟ್ ಆಗಿಯೇ ಪವರ್ ಮಿತಿ ಸಡಿಲ ಬಿಟ್ಟಿದ್ದವು, ಚಿಪ್‌ನ ಮೈಕ್ರೋಕೋಡ್ (ಅದರೊಳಗೇ ಓಡುವ ಸೂಚನೆಗಳು) ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು. ಆಗಸ್ಟ್‌ನಲ್ಲಿ ಮೈಕ್ರೋಕೋಡ್ ಅಪ್‌ಡೇಟ್ ಬಂತು, ವಾರಂಟಿಯನ್ನು 2 ವರ್ಷ ವಿಸ್ತರಿಸಿದರು. ಆದರೆ ಆಗಲೇ ಸವೆದ ಚಿಪ್ ಅಪ್‌ಡೇಟ್‌ನಿಂದ ಸರಿಯಾಗುವುದಿಲ್ಲ. ಇವರಲ್ಲಿ ಎಷ್ಟೋ ಜನ ಒಂದು ಸೆಟ್ಟಿಂಗ್ ಕೂಡ ಮುಟ್ಟಿರಲಿಲ್ಲ. ಪರೀಕ್ಷೆಯ ಪಟ್ಟಿಯಲ್ಲಿ ಎರಡು ಪರ್ಸೆಂಟ್ ಮುಂದೆ ಕಾಣಲು ಇಷ್ಟೆಲ್ಲ ಬೇಕಿತ್ತಾ ಅನ್ನಿಸುತ್ತದೆ, ಅಲ್ವಾ?

ವೋಲ್ಟೇಜ್ ಇಳಿಸು ಅನ್ನುವ ಸ್ನೇಹಿತನ ಮಾತಿಗೆ ಹಿಂದಿರುವುದು ಒಂದು ಗಣಿತ. ಚಿಪ್ ತಿನ್ನುವ ಪವರ್ ವೇಗದ ಜೊತೆ ಸಮವಾಗಿ ಏರುತ್ತದೆ, ವೋಲ್ಟೇಜ್‌ನ ಜೊತೆ ವರ್ಗದಲ್ಲಿ ಏರುತ್ತದೆ. ಎರಡನ್ನೂ 10 ಪರ್ಸೆಂಟ್ ಏರಿಸಿದರೆ ಬಿಸಿ 33 ಪರ್ಸೆಂಟ್ ಜಾಸ್ತಿ. ಇಳಿಸುವಾಗಲೂ ಇದೇ ಲೆಕ್ಕ, ಈ ಸಲ ನಮ್ಮ ಕಡೆಗೆ.

ನಮ್ಮ ಊರುಗಳಿಗೆ ಇದು ಇನ್ನೂ ಮುಖ್ಯ. ಗಾಳಿ ಕೂಲರ್ ಇರಲಿ, ನೀರಿನ ಕೂಲರ್ ಇರಲಿ, ಕೊನೆಗೆ ಬಿಸಿ ಹೋಗಬೇಕಾದ್ದು ಕೋಣೆಯ ಗಾಳಿಗೇ. 21 ಡಿಗ್ರಿಯ ಕೋಣೆಯಲ್ಲಿ 80 ತೋರಿಸಿದ ಕೂಲರ್, ಅದೇ ಕೆಲಸಕ್ಕೆ ಮೇ ತಿಂಗಳ ಕಲಬುರಗಿಯ 36 ಡಿಗ್ರಿಯ ಕೋಣೆಯಲ್ಲಿ 95ಕ್ಕೆ ಬರುತ್ತದೆ. ದುಬಾರಿ ನೀರಿನ ಕೂಲರ್‌ಗೆ ದುಡ್ಡು ಸುರಿಯುವ ಮೊದಲು ಕ್ಯಾಬಿನೆಟ್‌ನ ಮುಂಭಾಗ ಜಾಲರಿಯದೋ ಗಾಜಿನದೋ ನೋಡಿ, ಫಿಲ್ಟರ್‌ನ ಧೂಳು ತೆಗೆಯಿರಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎರಡು ಒಳ್ಳೇ ಫ್ಯಾನ್ ತಂದು ಹಾಕಿದರೂ ಎಷ್ಟೋ ಸಲ ಕೆಲಸ ಮುಗಿಯುತ್ತದೆ.

ರೈಜನ್ 5000 ಅಥವಾ ಆಮೇಲಿನದು ಇದ್ದರೆ ಬಯಾಸ್‌ನಲ್ಲಿ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಜರ್ ಹುಡುಕಿ ಎಲ್ಲ ಕೋರ್‌ಗೂ ಮೈನಸ್ 10ರಿಂದ ಶುರು ಮಾಡಬಹುದು. ಇಂಟೆಲ್ ಆದರೆ ಮೊದಲು ಬಯಾಸ್ ಅಪ್‌ಡೇಟ್, ಆಮೇಲೆ ಪವರ್ ಮಿತಿ. ಗೇಮ್‌ನಲ್ಲಿ ನಿಜಕ್ಕೂ ಬಿಸಿ ಉಗುಳುವುದು ಗ್ರಾಫಿಕ್ಸ್ ಕಾರ್ಡ್. ಅದರ ವೋಲ್ಟೇಜನ್ನು ಆಫ್ಟರ್‌ಬರ್ನರ್ ಅನ್ನುವ ತಂತ್ರಾಂಶದಲ್ಲಿ ಸ್ವಲ್ಪ ತಗ್ಗಿಸಿದರೂ ಫ್ಯಾನ್ ಸದ್ದು ಕಡಿಮೆಯಾಗುತ್ತದೆ. ಒಂದು ಎಚ್ಚರಿಕೆ: ಕರ್ವ್ ಅತಿಯಾಗಿ ಇಳಿಸಿದ ಚಿಪ್ ಭಾರೀ ಪರೀಕ್ಷೆಯನ್ನು ಸಲೀಸಾಗಿ ಪಾಸು ಮಾಡಿ, ಸುಮ್ನೆ ಯೂಟ್ಯೂಬ್ ನೋಡುವಾಗ ರೀಸ್ಟಾರ್ಟ್ ಆಗಬಹುದು. ಹಗುರ ಕೆಲಸದಲ್ಲೇ ಅದು ಅತಿ ಹೆಚ್ಚು ವೇಗಕ್ಕೆ ಜಿಗಿಯುವುದು. ಹಾಗೊಮ್ಮೆ ಆದರೂ ಸಂಖ್ಯೆಯನ್ನು ಸೊನ್ನೆಯ ಕಡೆಗೆ 5 ಹಿಂದಕ್ಕೆ ತಂದು ಮತ್ತೆ ಒಂದೆರಡು ದಿನ ಮಾಮೂಲಿಯಾಗಿ ಬಳಸಿ ನೋಡಿ.