ತಳದ ಹುಲ್ಲು ಹಿಂಡಿ ನೋಡಿದ್ದೀರಾ?

ಹುಲ್ಲು ತುಂಬಿ ಅಣಬೆ ಬೆಳೆಸುವ ಚೀಲ ಕೆಟ್ಟಾಗ ನನಗೆ ಫೋಟೊ ಕಳಿಸುವವರ ಮೊದಲ ಮಾತು ಹೆಚ್ಚುಕಮ್ಮಿ ಒಂದೇ: "ಬೀಜ ಸರಿ ಇರಲಿಲ್ಲ ಸಾರ್." ಬೀಜ ಅಂದರೆ ಕಾಳಿನ ಮೇಲೆ ಬೆಳೆಸಿದ ಅಣಬೆಯ ಬಿಳಿ ಎಳೆ. ನಾನು ಫೋಟೊದಲ್ಲಿ ಬೀಜ ಹುಡುಕುವುದಿಲ್ಲ, ಚೀಲದ ತಳ ನೋಡುತ್ತೇನೆ. ಬಹಳ ಸಲ ಅಲ್ಲಿ ಎರಡು ಬೆರಳಷ್ಟು ಹಳದಿ ನೀರು ನಿಂತಿರುತ್ತದೆ.

ಚಿಪ್ಪು ಅಣಬೆಗೆ ಹುಲ್ಲನ್ನು ಎರಡು ಇಂಚಿಗೆ ಕತ್ತರಿಸಬೇಕು, ನೆನೆಸಬೇಕು, 65ರಿಂದ 80 ಡಿಗ್ರಿ ಬಿಸಿನೀರಿನಲ್ಲಿ ಒಂದೆರಡು ಗಂಟೆ ಇಡಬೇಕು. ಇದೆಲ್ಲ ವಿಡಿಯೊ ನೋಡಿಕೊಂಡೇ ಬಂದಿರುತ್ತಾರೆ. ಎಡವುವುದು ಹುಲ್ಲನ್ನು ನೀರಿನಿಂದ ಎತ್ತಿದ ಮೇಲೆ. ಅರ್ಧ ಗಂಟೆ ಬುಟ್ಟಿಯಲ್ಲಿ ಸೋರಲು ಬಿಟ್ಟು, "ಅಣಬೆಗೆ ತೇವ ಬೇಕಲ್ವಾ" ಅಂತ ಹಾಗೇ ತುಂಬಿಬಿಡುತ್ತಾರೆ.

ಬೇಕು, ನಿಜ. ಆದರೆ ಆ ತೇವ ಹುಲ್ಲಿನ ಕಡ್ಡಿಯೊಳಗೆ ಇರಬೇಕು. ಕಡ್ಡಿ ಕಡ್ಡಿಗಳ ನಡುವಿನ ಸಂದಿ ಇದೆಯಲ್ಲ, ಅದು ಗಾಳಿಯ ಜಾಗ. ಅಣಬೆಯ ಬಿಳಿ ಎಳೆಗೂ ನಮ್ಮ ಹಾಗೇ ಉಸಿರಾಡಲು ಆಮ್ಲಜನಕ ಬೇಕು. ಸಂದಿಯಲ್ಲಿ ನೀರು ಕೂತರೆ ಎಳೆ ಮುಂದಕ್ಕೆ ಹೋಗುವುದಿಲ್ಲ. ಗಾಳಿ ಇಲ್ಲದೆಯೂ ಬದುಕುವ ಬ್ಯಾಕ್ಟೀರಿಯಾಕ್ಕೆ ಹಬ್ಬ. ಕೆಟ್ಟ ಚೀಲದಿಂದ ಬರುವ ಹುಳಿ ವಾಸನೆ ಅದರದೇ. ಎಷ್ಟೇ ಒಳ್ಳೆಯ ಬೀಜ ತಂದು ಹಾಕಿ, ಇಂಥ ಚೀಲದಲ್ಲಿ ಅದೂ ಕೊಳೆಯುತ್ತದೆ.

ತಕ್ಕಡಿ ಇದ್ದವರಿಗೆ ಲೆಕ್ಕ ಸುಲಭ. ತುಂಬುವಾಗ ಹುಲ್ಲಿನ ತೂಕದಲ್ಲಿ ಶೇ. 65ರ ಆಸುಪಾಸು ನೀರಿರಬೇಕು. ಅಂದರೆ 1 ಕೆಜಿ ಒಣ ಹುಲ್ಲು ಎರಡೂವರೆ ಕೆಜಿ ಸುಮಾರಿಗೆ ಬರಬೇಕು. ಮೂರೂವರೆ, ನಾಲ್ಕು ತೂಗುತ್ತಿದ್ದರೆ ಇನ್ನೂ ಹರಡಿ ಆರಲು ಬಿಡಿ. ತಕ್ಕಡಿ ಇಲ್ಲದಿದ್ದರೆ ಕೈಯೇ ಸಾಕು. ಹುಲ್ಲು ಪೂರ್ತಿ ತಣ್ಣಗಾದ ಮೇಲೆ ರಾಶಿಯ ತಳದಿಂದ ಒಂದು ಮುಷ್ಟಿ ತೆಗೆದು ಜೋರಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಿಸಿ ಅಲ್ಲೇ ನಿಂತರೆ ಹದ ಬಂದಿದೆ. ಧಾರೆ ಇಳಿದರೆ ಬಂದಿಲ್ಲ. ಅಂಗೈ ಒದ್ದೆಯೇ ಆಗದಿದ್ದರೆ ಜಾಸ್ತಿ ಆರಿದೆ, ಕುದಿಸಿ ತಣಿಸಿದ ನೀರು ಚಿಮುಕಿಸಿ.

ತಳದಿಂದ ಅಂತ ಸುಮ್ನೆ ಹೇಳಲಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಮೂರು ಸಲ ಸೋತು, ಮೂರು ಸಲವೂ ಬೀಜ ಕೊಡುವವರನ್ನು ಬದಲಿಸಿದ್ದರು. ಹೋಗಿ ನೋಡಿದೆ. ಟಬ್ಬಿನ ಮೇಲಿನ ಹುಲ್ಲು ಹಿಂಡಿ ತೋರಿಸಿದರು, ಸರಿಯಾಗಿ ಎರಡೇ ಹನಿ. ನಾನು ಅದೇ ಟಬ್ಬಿನ ತಳಕ್ಕೆ ಕೈ ಹಾಕಿದೆ. ಮಣಿಕಟ್ಟಿನವರೆಗೆ ನೀರು. "ಮುಂದಿನ ಬೆಂಚು ಪಾಸು, ಹಿಂದಿನ ಬೆಂಚು ಫೇಲು" ಅಂತ ಅವರೇ ನಕ್ಕರು. ಈಗ ಜಾಲರಿಯ ಮೇಲೆ ತೆಳ್ಳಗೆ ಹರಡಿ, ಆಗಾಗ ತಿರುವಿ ಹಾಕುತ್ತಾರೆ. ಪ್ರತಿ ಸಲ ತೂಕವನ್ನು ನನಗೆ ಮೆಸೇಜ್ ಮಾಡುತ್ತಾರೆ. ನಾನು ಕೇಳಿಲ್ಲ, ಆದರೂ ಮಾಡುತ್ತಾರೆ.

ತವಡು ಬೆರೆಸಬಹುದಾ ಅಂತಲೂ ಕೇಳುತ್ತೀರಿ. ಬೆರೆಸಬಹುದು, ಇಳುವರಿಯೂ ಹೆಚ್ಚಬಹುದು. ಆದರೆ ತವಡು ಬಿದ್ದ ಹುಲ್ಲಿಗೆ ಬಿಸಿನೀರು ಸಾಲುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಪ್ರೆಷರ್‌ನಲ್ಲಿ 121 ಡಿಗ್ರಿಗೆ ಬೇಯಿಸದೆ ಹೋದರೆ ನಿಮ್ಮ ಅಣಬೆಗಿಂತ ಮೊದಲು ಟ್ರೈಕೋಡರ್ಮಾ ಎಂಬ ಹಸಿರು ಬೂಷ್ಟು ಊಟಕ್ಕೆ ಕೂರುತ್ತದೆ. ಮೊದಲ ನಾಲ್ಕಾರು ಚೀಲಕ್ಕೆ ಬರೀ ಹುಲ್ಲು ಸಾಕು.

ಒಂದು ಎಚ್ಚರಿಕೆ. ಇದನ್ನು ಓದಿ ಚೆನ್ನಾಗಿರುವ ಚೀಲವನ್ನೂ ಎಸೆಯಬೇಡಿ. ಬಿಳಿ ಎಳೆಯ ಮೇಲೆ ಅಲ್ಲಲ್ಲಿ ಹಳದಿ ಹನಿ ಕಾಣಿಸುವುದು ಸಾಮಾನ್ಯ, ಅದು ಎಳೆಯೇ ಬಿಡುವ ದ್ರವ. ತಳದಲ್ಲಿ ನಿಂತ ನೀರೇ ಬೇರೆ. ಮೊದಲ ಎರಡು ಮೂರು ದಿನದಲ್ಲೇ ಅದು ಕಣ್ಣಿಗೆ ಬಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ತಳಕ್ಕೆ ಚುಚ್ಚಿ ಇಳಿಸಿ. ಕೆಲವು ಚೀಲ ಚೇತರಿಸಿಕೊಳ್ಳುತ್ತವೆ, ಎಲ್ಲವೂ ಅಂತ ಮಾತು ಕೊಡಲಾರೆ. ಹುಳಿ ವಾಸನೆ ಬಂದಿದ್ದರೆ, ಹಸಿರು ಹರಡಿದ್ದರೆ ಮನೆಯೊಳಗೆ ಬಿಚ್ಚಲೇಬೇಡಿ. ಆ ಹಸಿರು ಪುಡಿ ಉಸಿರಾಟದ ತೊಂದರೆ ಇರುವವರಿಗೆ ಒಳ್ಳೆಯದಲ್ಲ. ಮುಚ್ಚಿದ ಹಾಗೇ ಹೊರಗೆ ಒಯ್ದು ಗೊಬ್ಬರದ ಗುಂಡಿಗೆ ಸುರಿಯಿರಿ. ಬೀಜದವರಿಗೆ ಫೋನ್ ಮಾಡುವುದನ್ನು ಆಮೇಲೆ ನೋಡೋಣ.