ಸ್ಟೀರಿಂಗ್ ಬಲಕ್ಕಿದ್ದ ಮಾತ್ರಕ್ಕೆ ಅರಮನೆಯ ಕಾರಾಗದು

ಹಳೆಯ ಕಾರುಗಳನ್ನು ರಿಪೇರಿ ಮಾಡುವುದು, ಕೊಳ್ಳುವವರಿಗೆ ಬೆಲೆ ಅಂದಾಜಿಸಿ ಕೊಡುವುದು ನನ್ನ ಕಸುಬು. ತಿಂಗಳಿಗೊಮ್ಮೆಯಾದರೂ ಇಂಥ ಫೋನ್ ಬರುತ್ತದೆ: "ಸಾರ್, 1930ರ ದಶಕದ ಲಾಂಚಿಯಾ ಒಂದು ಸಿಕ್ಕಿದೆ. ಇಟಲಿ ಕಾರು, ಆದರೆ ಸ್ಟೀರಿಂಗ್ ನಮ್ಮ ಕಾರುಗಳಂತೆ ಬಲಗಡೆ ಇದೆ. ಯಾವುದೋ ಮಹಾರಾಜರಿಗೆ ಅಂತಲೇ ಮಾಡಿಸಿದ್ದು ಇರಬೇಕಲ್ಲವಾ?"

ಇಲ್ಲ. ಈ ಒಂದು ಮಾತನ್ನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗುತ್ತಿಲ್ಲ, ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಎರಡು ಮಹಾಯುದ್ಧಗಳ ನಡುವೆ ಇಟಲಿಯಲ್ಲಿ ತಯಾರಾದ ಒಳ್ಳೆಯ ಕಾರುಗಳಿಗೆ ಬಲಗಡೆ ಸ್ಟೀರಿಂಗ್ ಇರುವುದೇ ರೂಢಿಯಾಗಿತ್ತು. ಇಟಲಿಯವರಿಗೆಂದೇ, ಇಟಲಿಯ ರಸ್ತೆಗಳಿಗೆಂದೇ ಮಾಡಿದ ಕಾರುಗಳಿಗೂ ಅದೇ. ಲಾಂಚಿಯಾದ ಲ್ಯಾಂಬ್ಡಾ, ಅಸ್ತೂರಾ, ಅಪ್ರೀಲಿಯಾಗಳಲ್ಲಿ ಚಾಲಕ ಕೂರುವುದು ಬಲಕ್ಕೆ. ವಿಟ್ಟೋರಿಯೊ ಯಾನೊ ರೂಪಿಸಿದ ಆಲ್ಫಾ ರೋಮಿಯೊಗಳಲ್ಲೂ ಬಲಕ್ಕೇ. 1950ರಲ್ಲಿ ಬಂದ ಲಾಂಚಿಯಾ ಔರೇಲಿಯಾ ಕೂಡ ಮೊದಮೊದಲು ಹಾಗೆಯೇ ಇತ್ತು.

"ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸುತ್ತಾರಲ್ಲ ಸಾರ್?" ಇದು ಮುಂದಿನ ಪ್ರಶ್ನೆ. ಓಡಿಸುತ್ತಾರೆ, ಆದರೆ ಆಗ ಎಲ್ಲ ಕಡೆಯೂ ಹಾಗಿರಲಿಲ್ಲ. ಹಳ್ಳಿಗಾಡಿನ ರಸ್ತೆಯಲ್ಲಿ ಬಲಬದಿ, ಟ್ರಾಮ್ ಓಡುವ ಕೆಲವು ದೊಡ್ಡ ಊರುಗಳಲ್ಲಿ ಎಡಬದಿ ಎಂಬ ವಿಚಿತ್ರ ಪದ್ಧತಿ ಬಹಳ ಕಾಲ ನಡೆದಿತ್ತು. ದೇಶಕ್ಕೆಲ್ಲ ಒಂದೇ ನಿಯಮ ತರುವ ಆದೇಶ ಬಂದದ್ದು 1923ರ ಕೊನೆಯಲ್ಲಿ. ಮಿಲಾನ್ ಬಲಬದಿಗೆ ಬರುವಷ್ಟರಲ್ಲಿ 1926 ಆಗಿತ್ತು. ಇಸೊತ್ತಾ ಫ್ರಾಸ್ಕೀನಿ, ಆಲ್ಫಾ ರೋಮಿಯೊ ಎರಡೂ ಮಿಲಾನಿನ ಕಾರು ಕಂಪನಿಗಳೆಂಬುದು ನೆನಪಿರಲಿ.

ನಿಯಮ ಬದಲಾದ ಮೇಲೂ ದುಬಾರಿ ಕಾರಿನವರು ಸ್ಟೀರಿಂಗ್ ಬದಲಿಸಲಿಲ್ಲ. ಅದಕ್ಕೆ ಹಲವು ಕಾರಣಗಳನ್ನು ಕೊಡುತ್ತಾರೆ. ಆಲ್ಪ್ಸ್ ಘಾಟಿಯಲ್ಲಿ ರಸ್ತೆಯ ಅಂಚು ಚಾಲಕನ ಕಣ್ಣಳತೆಯಲ್ಲೇ ಇರುತ್ತದೆ. ಡ್ರೈವರ್ ಫುಟ್‌ಪಾತ್ ಕಡೆಗೇ ಇಳಿದು ಯಜಮಾನರಿಗೆ ಬಾಗಿಲು ತೆಗೆಯಬಹುದು. ನನ್ನ ಮಟ್ಟಿಗೆ ಇವುಗಳಿಗಿಂತ ದೊಡ್ಡದು ಗತ್ತು: ಬಲಗಡೆ ಸ್ಟೀರಿಂಗ್ ಎಂದರೆ ಒಳ್ಳೆಯ ಕಾರು ಎಂಬ ನಂಬಿಕೆ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಹಾಗಾದರೆ ಕಾರು ಯಾರಿಗಾಗಿ ತಯಾರಾಯಿತೆಂದು ತಿಳಿಯುವುದು ಹೇಗೆ? ಮೀಟರುಗಳನ್ನು ನೋಡಿ. ವೇಗ ಮೈಲಿಯಲ್ಲಿದೆಯೋ ಕಿಲೋಮೀಟರಿನಲ್ಲೋ? ಡಯಲಿನ ಮೇಲೆ 'ಆಕ್ವಾ' (ನೀರು), 'ಓಲಿಯೊ' (ಎಣ್ಣೆ) ಎಂದು ಇಟಾಲಿಯನ್ ಪದಗಳಿವೆಯೋ? ಬಾಡಿ ಕಟ್ಟಿದವರ ಫಲಕ ಉಳಿದಿದೆಯೋ? ಇವು ಸುಳಿವುಗಳಷ್ಟೇ. ಮೀಟರು ನೂರು ವರ್ಷದಲ್ಲಿ ಮೂರು ಸಲ ಬದಲಾಗಿರಬಹುದು. ಚಾಸಿ ನಂಬರು ಹಿಡಿದು ಕಂಪನಿಯ ದಾಖಲೆ ನೋಡದೆ ನಾನಂತೂ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ.

ಬಾಡಿಯೊಂದನ್ನೇ ಸುಳಿವೆಂದು ನಂಬಬೇಡಿ ಎನ್ನುವುದಕ್ಕೂ ಕಾರಣವಿದೆ. ಲಾರಿ ಚಾಸಿ ತಂದು ಬಾಡಿ ಕಟ್ಟಿಸುವುದನ್ನು ನಮ್ಮವರು ನೋಡಿದ್ದಾರೆ. ಇಸೊತ್ತಾ ಫ್ರಾಸ್ಕೀನಿಯ ಟಿಪೊ 8ಎ ಕೂಡ ಹಾಗೆಯೇ ಮಾರಾಟವಾಗುತ್ತಿತ್ತು. ಸಾಲಾಗಿ ಎಂಟು ಸಿಲಿಂಡರಿನ 7.4 ಲೀಟರ್ ಎಂಜಿನ್, ಅದನ್ನು ಹೊತ್ತ ಚಾಸಿ, ಕಂಪನಿಯ ಕೆಲಸ ಅಲ್ಲಿಗೆ ಮುಗಿಯಿತು. ಮೇಲಿನದೆಲ್ಲ ಮಿಲಾನಿನ ಕಸ್ತಾನ್ಯಾದಂಥ ಬಾಡಿ ಕಟ್ಟುವವರ ಕೈಕೆಲಸ. ಅಮೆರಿಕದ ಫ್ಲೀಟ್‌ವುಡ್ ಕೂಡ ಈ ಚಾಸಿಗಳ ಮೇಲೆ ಬಾಡಿ ಕಟ್ಟಿದೆ. ಹಾಗಾಗಿ ಬಾಡಿಯೊಂದನ್ನೇ ನೋಡಿ ಕಾರಿನ ಕಥೆ ಹೇಳಲಾಗದು.

ಹೋದ ವರ್ಷ ಯುರೋಪಿನಲ್ಲಿ ಕೆಲಸದಲ್ಲಿರುವ ಧಾರವಾಡದ ಹುಡುಗನೊಬ್ಬ ಅಪ್ರೀಲಿಯಾದ ಫೋಟೊ ಕಳಿಸಿದ. ಎಷ್ಟು ಚೆಂದದ ಕಾರು ಅದು! 1937ರಲ್ಲಿ ಮಾರಾಟಕ್ಕೆ ಬಂತು, ಅದೇ ವರ್ಷ ಫೆಬ್ರುವರಿಯಲ್ಲಿ ಕಂಪನಿ ಕಟ್ಟಿದ ವಿಂಚೆಂಜೊ ಲಾಂಚಿಯಾ ತೀರಿಕೊಂಡರು. ನಾಲ್ಕೂ ಬಾಗಿಲು ತೆರೆದರೆ ನಡುವೆ ಕಂಬವೇ ಇಲ್ಲ, ಬೇಸಿಗೆಯ ಪಡಸಾಲೆಯಂತೆ ಗಾಳಿಯಾಡುತ್ತದೆ. ಮಾರುವವನು "ಬಲಗಡೆ ಸ್ಟೀರಿಂಗ್, ಅಪರೂಪದ್ದು" ಎಂದು ಹೆಚ್ಚಿಗೆ ಕೇಳಿದ್ದ. ಹೆಚ್ಚುಕಡಿಮೆ ಎಲ್ಲದರಲ್ಲೂ ಇರುವುದನ್ನೇ ಅಪರೂಪವೆಂದು ಮಾರುತ್ತಿದ್ದಾನೆ ಎಂದು ಬರೆದು ಕಳಿಸಿದೆ. ಹುಡುಗ ಧೈರ್ಯವಾಗಿ ಚೌಕಾಸಿ ಮಾಡಿ ಕೊಂಡ. ಈಗ ವಾರಕ್ಕೊಮ್ಮೆ ಫೋಟೊ ಬರುತ್ತದೆ, ನನಗೂ ಅದೊಂದು ಹಬ್ಬ.

ಅದಕ್ಕಿಂತ ಕಷ್ಟದ್ದು ಇನ್ನೊಂದು ಪತ್ರ. ಅವರೂ ನಮ್ಮವರೇ, ಅಲ್ಲೇ ನೆಲೆಸಿದವರು. ಅವರ ಬಳಿ ಲ್ಯಾಂಬ್ಡಾದ ಮೊದಲ ಸರಣಿಗಳ ಕಾರೊಂದಿದೆ. ಅಲ್ಲಿನ ರಸ್ತೆಗೆ ಅನುಕೂಲವೆಂದು ಸ್ಟೀರಿಂಗನ್ನು ಎಡಕ್ಕೆ ಹಾಕಿಸುವ ಯೋಚನೆಯಂತೆ. 1922ರಲ್ಲಿ ಲೋಕ ಕಂಡ ಈ ಕಾರಿಗೆ ಇಸೊತ್ತಾಕ್ಕಿರುವಂಥ ಬೇರೆ ಚಾಸಿಯಿಲ್ಲ. ಉಕ್ಕಿನ ತಗಡುಗಳನ್ನು ಜೋಡಿಸಿ ಕಟ್ಟಿದ ಬಾಡಿಯೇ ದೋಣಿಯ ಒಡಲಿನಂತೆ ಭಾರವನ್ನೆಲ್ಲ ಹೊರುತ್ತದೆ. ಅಲ್ಲಿ ತೂತು ಕೊರೆಯುವುದೆಂದರೆ ಕಾರಿನ ಬೆನ್ನೆಲುಬಿಗೇ ಕೈ ಹಾಕಿದಂತೆ. ಎರಡು ಪುಟ ಬರೆದು ಬೇಡಿಕೊಂಡಿದ್ದೇನೆ. ಓವರ್‌ಟೇಕ್ ಮಾಡುವಾಗ ಎಡಗಡೆ ಕೂತವರು ಕತ್ತು ಹೊರಹಾಕಿ "ಬನ್ನಿ" ಎಂದರೆ ಸಾಕು, ಆಗಿನವರೂ ಹಾಗೇ ಓಡಿಸಿರಬೇಕು ಎಂದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.